ಹಾಲಿನ ಲೆಕ್ಕದ ಪುಸ್ತಕದಲ್ಲಿ ವೈಸ್‌ಮನ್

"ಹ್ಯಾಲಿಬರ್ಟನ್‌ನ ಬಿಟ್ಟು ವೈಸ್‌ಮನ್‌ನ ತಗೊಂಡ್ರಲ್ಲ, ಇವರಿಗೇನು ಕಣ್ಣಿಲ್ವಾ?"

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಹೊಸ ಆಟಗಾರನನ್ನ ಆರಿಸಿದ ಬಗ್ಗೆ ಎರಡು ವರ್ಷ ಇದೇ ಮಾತಾಡಿಕೊಂಡು ತಿರುಗಿದೆ. 2023ರಲ್ಲಿ ಮನೆ ಬದಲಾಯಿಸುವಾಗ ಹಾಲಿನ ಲೆಕ್ಕದ ಹಳೇ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ ನನ್ನದೇ ಅಕ್ಷರ: "ನಂ. 2: ವೈಸ್‌ಮನ್. ಕಣ್ಣು ಮುಚ್ಚಿಕೊಂಡು."

ಬರೆದದ್ದು 2020ರ ನವೆಂಬರ್ 19ರ ಬೆಳಗಿನ ಜಾವ. ಅಮೆರಿಕದಲ್ಲಿನ್ನೂ 18ರ ಸಂಜೆ, ಎನ್‌ಬಿಎ ಡ್ರಾಫ್ಟ್, ಅಂದರೆ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನ ಆರಿಸಿಕೊಳ್ಳುವ ದಿನ. ವಾರಿಯರ್ಸ್‌ದು ಎರಡನೇ ಸರದಿ. ಹಿಂದಿನ ಸೀಸನ್‌ನಲ್ಲಿ ವಾರಿಯರ್ಸ್ 15 ಗೆದ್ದು 50 ಸೋತಿತ್ತು. ನನ್ನ ಲೆಕ್ಕ ಸರಳ: ಗಾಯದಿಂದ ಹೊರಗಿದ್ದ ತಂಡದ ಸ್ಟಾರ್‌ಗಳು ಕರ್ರಿ, ಕ್ಲೇ ಥಾಂಪ್ಸನ್ ವಾಪಸ್ ಬರ್ತಾರೆ, ಕಡಿಮೆ ಇರುವುದು ಬುಟ್ಟಿಯ ಹತ್ತಿರ ಆಡುವ ಎತ್ತರದ ಆಳು, ಅಂದರೆ ಸೆಂಟರ್. ವೈಸ್‌ಮನ್ 7 ಅಡಿ. ಕಾಲೇಜಿನಲ್ಲಿ ಆಡಿದ್ದು ಬರೀ 3 ಪಂದ್ಯ ಅನ್ನೋದನ್ನ ನಾನು ಬರೆದೇ ಇರಲಿಲ್ಲ. ಅದೇ ಡ್ರಾಫ್ಟ್‌ನ ಇನ್ನೊಬ್ಬ ಹುಡುಗ ಲಾಮೆಲೋ ಬಾಲ್ ಹೆಸರಿನ ಮೇಲೆ ಗೀಟು ಎಳೆದಿದ್ದೆ. ಡ್ರಾಫ್ಟ್‌ಗೆ ಕೆಲವೇ ಗಂಟೆ ಮುಂಚೆ ಕ್ಲೇಗೆ ಮತ್ತೆ ಪೆಟ್ಟಾದ ಸುದ್ದಿ ಬಂದಿತ್ತು. ಆಗಲೂ ಒಂದಕ್ಷರ ತಿದ್ದಿರಲಿಲ್ಲ. ಇನ್ನು ಹ್ಯಾಲಿಬರ್ಟನ್? ಆ ಪುಟದಲ್ಲಿ ಎಲ್ಲೂ ಇಲ್ಲ!

ಮುಂದಿನದು ಗೊತ್ತಿರುವ ಕಥೆ. ಮೂರನೆಯವನಾಗಿ ಶಾರ್ಲೆಟ್ ತಂಡಕ್ಕೆ ಹೋದ ಲಾಮೆಲೋ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ. ವೈಸ್‌ಮನ್ 39 ಪಂದ್ಯ ಆಡಿ ಮಂಡಿ ಗಾಯ ಮಾಡಿಕೊಂಡ, ಮುಂದಿನ ಸೀಸನ್ ಪೂರ್ತಿ ಹೊರಗೆ. ಅದೇ ಸೀಸನ್‌ನಲ್ಲಿ ವಾರಿಯರ್ಸ್ ಚಾಂಪಿಯನ್! ಆಗ ಬುಟ್ಟಿಯ ಕೆಳಗೆ ನಿಂತವನು ಕೆವೊನ್ ಲೂನಿ, 6 ಅಡಿ 9 ಇಂಚು. ಪ್ಲೇಆಫ್‌ನಲ್ಲಿ ಮೆಂಫಿಸ್ ತಂಡದ ವಿರುದ್ಧ ಆರನೇ ಪಂದ್ಯದಲ್ಲಿ 22 ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡು, ಹಿಡಿದ. 2015ರಿಂದ ತಂಡದಲ್ಲೇ ಇದ್ದವನು, ಆದರೆ ಡ್ರಾಫ್ಟ್‌ನ ಹೊತ್ತಿಗೆ ಗಾಯಗಳಿಂದ ಒದ್ದಾಡುತ್ತಿದ್ದ. ನಾನು ಸೆಂಟರ್ ಇಲ್ಲ ಅಂದುಕೊಂಡಿದ್ದೆ, ಇದ್ದ ಸೆಂಟರ್‌ಗೆ ಹುಷಾರಿರಲಿಲ್ಲ ಅಷ್ಟೇ. 2023ರ ಫೆಬ್ರವರಿಯಲ್ಲಿ ವೈಸ್‌ಮನ್‌ನ ಡೆಟ್ರಾಯಿಟ್‌ಗೆ ಕಳಿಸಿಬಿಟ್ಟರು.

ಈಗ ವಾದಕ್ಕೆ ಕೂರುವ ಮುಂಚೆ ಪುಟ ತೆಗೆಯುತ್ತೇನೆ. ಎಡಗಡೆ ತಂಡದ ಕೊರತೆ. ಅದರ ಪಕ್ಕದಲ್ಲೇ: ಆಳಿಲ್ವಾ, ಇದ್ದ ಆಳಿಗೆ ಗಾಯವಾ? ಬಲಗಡೆ ನನ್ನ ಆಯ್ಕೆ, ತಾರೀಖಿನ ಸಮೇತ. ವರ್ಷಗಳಾದ ಮೇಲೆ ಯಾರನ್ನೋ ಬಿಟ್ಟರು ಅಂತ ಬೈಯ್ಯಬೇಕಾದರೆ, ಅವನಿಗಿಂತ ಮುಂಚೆ ಎಷ್ಟು ಆಯ್ಕೆ ನಡೆದಿತ್ತು ಅಂತ ಎಣಿಸುತ್ತೇನೆ. ಹ್ಯಾಲಿಬರ್ಟನ್ 12ನೆಯವನಾಗಿ ಸ್ಯಾಕ್ರಮೆಂಟೊಗೆ ಹೋದ. ಮುಂಚೆ ಹನ್ನೊಂದು ಆಯ್ಕೆ ಆಗಿತ್ತು, ಒಂದೇ ತಂಡವನ್ನು ಬೈದರೆ ಹೇಗೆ? ಲಾಮೆಲೋ ವಿಷಯ ಹಾಗಲ್ಲ. ಅವನು ವೈಸ್‌ಮನ್ ಹಿಂದೆಯೇ ಹೋದವನು. ಆ ಬೈಗುಳ ವಾರಿಯರ್ಸ್‌ಗೂ ಸಲ್ಲಬೇಕು, ನನಗೂ. ಎರಡನೇ ಸರದಿ ಕೈಯಲ್ಲಿದ್ದಾಗ ತಂಡದ ತೂತು ನೋಡಬಾರದು, ಹುಡುಗನ ಆಟ ನೋಡಬೇಕು ಅನ್ನೋದು ಈಗ ನನ್ನ ವಾದ.

ನನ್ನ ಗೆಳೆಯನಿಗೆ ಈ ಪುಸ್ತಕ ಕಂಡರೆ ಆಗಲ್ಲ. ಮೊನ್ನೆ ಅದೇ ಡ್ರಾಫ್ಟ್‌ನ ಇನ್ನೊಬ್ಬ ಆಟಗಾರನ ಬಗ್ಗೆ ಮತ್ತೆ ಶುರು ಮಾಡಿದ: "ಮ್ಯಾಕ್ಸಿ 21ನೇ ನಂಬರ್‌ವರೆಗೂ ಉಳಿದಿದ್ದ ಮಾರಾಯ, ನಾನು ಅವತ್ತೇ ಹೇಳಿದ್ದೆ."

"ಎಲ್ಲಿ ಬರೆದಿದ್ದೀಯಾ?" ಅಂದೆ.

ಅವನು ಕಾಫಿ ಹೇಳಿದ.