ಅಪ್ಪು ಸಂಘದ ಒಂದು ವರ್ಷ: ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಾವು ಪುನೀತ್ ರಾಜ್‌ಕುಮಾರ್ ಅಭಿಮಾನಿಗಳ ಸಂಘ ನಡೆಸುತ್ತೇವೆ. ಲೆಕ್ಕ, ಫೋನ್, ಓಡಾಟ ನನ್ನ ಪಾಲಿನವು. ಅಪ್ಪು ಇದ್ದಾಗ ನಮ್ಮ ವರ್ಷ ರಿಲೀಸ್ ಮೇಲೆ ನಡೆಯುತ್ತಿತ್ತು. ಸಿನಿಮಾ ಬಂತು ಅಂದರೆ ಹಾರ, ಬ್ಯಾಂಡ್‌ಸೆಟ್, ಪಟಾಕಿ, ಬೆಳಗ್ಗೆ ಬೆಳಗ್ಗೆಯೇ ಫ್ಯಾನ್ಸ್ ಶೋ. ಅದು ಮುಗಿದ ಮೇಲೆ ಮುಂದಿನ ಸಿನಿಮಾವರೆಗೆ ಎಲ್ಲರೂ ಅವರವರ ಕೆಲಸಕ್ಕೆ. 2021ರ ಅಕ್ಟೋಬರ್ 29ಕ್ಕೆ ಅಪ್ಪು ತೀರಿಕೊಂಡರು, ಆ ಲೆಕ್ಕ ಅಲ್ಲಿಗೇ ಮುಗಿಯಿತು. 2022ರ ಮಾರ್ಚ್ 17ಕ್ಕೆ ‘ಜೇಮ್ಸ್’ ಬಂತು, ಅಕ್ಟೋಬರ್ 28ಕ್ಕೆ ‘ಗಂಧದ ಗುಡಿ’ ಬಂತು. ಇನ್ನು ಮುಂದೆ ಹುಡುಗರನ್ನು ಯಾವುದಕ್ಕೆ ಸೇರಿಸೋದು? ಸಂಘ ಉಳಿಯಬೇಕಾದರೆ ವರ್ಷಪೂರ್ತಿ ಕೈತುಂಬ ಕೆಲಸ ಇರಬೇಕು ಅಂತ ಆಗ ತೀರ್ಮಾನಿಸಿದೆವು. ಆ ಕೆಲಸ ಏನು ಅಂತ ಹುಡುಕುವ ಅಗತ್ಯ ಇರಲಿಲ್ಲ. ಅಪ್ಪು ಕಣ್ಣು ಕೊಟ್ಟು ಹೋಗಿದ್ದರು.

ಮಾರ್ಚ್ 17 ಅವರ ಹುಟ್ಟುಹಬ್ಬ. ಸರ್ಕಾರ ಅದನ್ನು ಸ್ಫೂರ್ತಿ ದಿನ ಅಂತ ಆಚರಿಸುತ್ತದೆ. ರಾಜ್ಯದ ತುಂಬ ರಕ್ತದಾನ ಶಿಬಿರ, ಅನ್ನದಾನ. ನಮ್ಮಲ್ಲೂ ಇದೆ. ಆದರೆ ನಾವು ಆ ದಿನ ಎಲ್ಲರನ್ನೂ ರಕ್ತ ಕೊಡಲು ಕೂರಿಸುವುದಿಲ್ಲ. ಇದು ಕೇಳಿದವರಿಗೆ ವಿಚಿತ್ರ ಅನಿಸುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ರಕ್ತ ಇಟ್ಟರೆ ಉಳಿಯುವ ವಸ್ತು ಅಲ್ಲ. ಕೆಂಪು ಕಣ 35ರಿಂದ 42 ದಿನ, ಪ್ಲೇಟ್‌ಲೆಟ್ ಆದರೆ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ. ಅಂದರೆ ಊರಿನ ಹುಡುಗರೆಲ್ಲ ಮಾರ್ಚ್ 17ಕ್ಕೇ ಕೊಟ್ಟುಬಿಟ್ಟರೆ ಜೂನ್ ಅರ್ಧದವರೆಗೆ ಒಬ್ಬನೂ ಸಿಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಅಲ್ಲಿನ ಶಿಬಿರಗಳೂ ನಿಂತಿರುತ್ತವೆ. ಬ್ಲಡ್ ಬ್ಯಾಂಕಿನ ಫ್ರಿಜ್ ಖಾಲಿಯಾಗುವುದೇ ಆ ದಿನಗಳಲ್ಲಿ. ಆದ್ದರಿಂದ ಅರ್ಧ ಜನ ಮಾರ್ಚ್ 17ಕ್ಕೆ, ಇನ್ನರ್ಧ ಏಪ್ರಿಲ್ 24ಕ್ಕೆ ಅಂತ ಮಾಡಿದೆವು. ಏಪ್ರಿಲ್ 24 ಅಣ್ಣಾವ್ರ ಹುಟ್ಟುಹಬ್ಬ. ನಡುವೆ ಸರಿಯಾಗಿ 38 ದಿನ ಬರುತ್ತದೆ, ಮೊದಲ ಶಿಬಿರದ ರಕ್ತ ಮುಗಿಯುವ ಹೊತ್ತಿಗೆ ಎರಡನೆಯದು ಸಿದ್ಧ.

“ಅಣ್ಣಾ, ಅಪ್ಪು ಬಾಸ್ ಹುಟ್ಟಿದ ದಿನ ಕೊಡದೆ ಇನ್ಯಾವತ್ತು ಕೊಡೋದು?” ಅಂತ ಚಿಕ್ಕ ಹುಡುಗರು ಜಗಳಕ್ಕೇ ಬರುತ್ತಾರೆ. “ಅವರ ಅಪ್ಪಾಜಿ ಹುಟ್ಟಿದ ದಿನ ಕೊಡು ಕಣೋ, ಅಪ್ಪು ಬೇಡ ಅಂತಿದ್ರಾ?” ಅಂದರೆ ಸುಮ್ಮನಾಗುತ್ತಾರೆ.

ಇನ್ನೊಂದು ನಿಯಮ ಇದೆ. ನೆಗೆಟಿವ್ ಗುಂಪಿನವರು ಸಿಗುವುದೇ ಕಡಿಮೆ, ಅವರನ್ನು ಯಾವ ಶಿಬಿರದಲ್ಲೂ ರಕ್ತ ಕೊಡಲು ಕರೆಯುವುದಿಲ್ಲ. ಅವರು ಫೋನಿಗೆ ಮೀಸಲು. ಹೆರಿಗೆ ಆಸ್ಪತ್ರೆಯಿಂದ ನಡುರಾತ್ರಿ ಓ ನೆಗೆಟಿವ್ ಬೇಕು ಅಂತ ಫೋನ್ ಬಂದಾಗ, ಹೋದ ವಾರ ಶಿಬಿರದಲ್ಲಿ ಕೊಟ್ಟಿದ್ದೇನೆ ಅನ್ನುವ ಉತ್ತರ ಬರಬಾರದು. ಶಿಬಿರದಲ್ಲಿ ಅವರಿಗೆ ಊಟ ಬಡಿಸುವ ಕೆಲಸ ಕೊಡುತ್ತೇವೆ. ಕೊಡುವವರಿಗೆ ಹಿಂದಿನ ದಿನವೇ ಹೇಳಿರುತ್ತೇವೆ: ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದೇ ಬನ್ನಿ. ಪೂಜೆ ಮುಗಿಯಲಿ ಅಂತ ಖಾಲಿ ಹೊಟ್ಟೆಯಲ್ಲಿ ನಿಂತವನಿಗೆ ತಲೆ ಸುತ್ತು ಬರುತ್ತದೆ. ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇರಲೇಬೇಕು. ಕಡಿಮೆ ಬಂದವರನ್ನು ವಾಪಸ್ ಕಳಿಸಿದರೆ ಬೇಜಾರು ಪಡುತ್ತಾರೆ, ಅವರ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಲು ಒಬ್ಬರು ಬೇಕೇ ಬೇಕು.

ಮಳೆಗಾಲ ಬಂದರೆ ಡೆಂಗಿ. ಆಗ ಕೇಳುವುದು ಪ್ಲೇಟ್‌ಲೆಟ್. ಮೆಷಿನ್‌ನಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ದೇಹಕ್ಕೆ ಬಿಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ದೊಡ್ಡ ಆಸ್ಪತ್ರೆಗೇ ಹೋಗಬೇಕು. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಇಲ್ಲಿ ಉಪಯೋಗಕ್ಕೆ ಬರುತ್ತಾರೆ. ಊರು ಬಿಟ್ಟ ಅಂತ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯಬೇಡಿ. ಹೆಸರಿನ ಮುಂದೆ ಈಗಿರುವ ಬಡಾವಣೆ ಬರೆದುಕೊಳ್ಳಿ, ಸಾಕು. ಈಗ ನಮ್ಮ ಪಟ್ಟಿಯಲ್ಲಿ ಸುದೀಪ್, ದರ್ಶನ್, ಯಶ್ ಅಭಿಮಾನಿಗಳೂ ಇದ್ದಾರೆ. ಮೊಬೈಲ್‌ನಲ್ಲಿ ಬೈದಾಡುತ್ತಿದ್ದವರು ಒಂದೇ ಬೈಕಿನಲ್ಲಿ ಆಸ್ಪತ್ರೆಗೆ ಹೋಗಿ ಬಂದದ್ದನ್ನು ನೋಡಿದ್ದೇನೆ. ಆವತ್ತು ನನಗೆ ಆದ ಖುಷಿ ಯಾವ ಫಸ್ಟ್ ಡೇ ಶೋನಲ್ಲೂ ಆಗಿಲ್ಲ.

ಕಣ್ಣಿನ ಕೆಲಸ ಇದಕ್ಕಿಂತ ಕಷ್ಟ. 2006ರಲ್ಲಿ ಅಣ್ಣಾವ್ರ ಕಣ್ಣು ದಾನವಾಯಿತು. 2021ರಲ್ಲಿ ಅಪ್ಪು ಕಣ್ಣುಗಳನ್ನು ನಾರಾಯಣ ನೇತ್ರಾಲಯದವರು ಪಡೆದು, ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆಮೇಲೆ ನೇತ್ರದಾನದ ಫಾರಂ ತುಂಬಲು ಜನ ಮುಗಿಬಿದ್ದರು. ಆದರೆ ಫಾರಂ ತುಂಬಿದ ಮಾತ್ರಕ್ಕೆ ಕಣ್ಣು ದಾನವಾಗುವುದಿಲ್ಲ. ಸಾವಾದ ಹೊತ್ತಿನಲ್ಲಿ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕಾದವರು ಮನೆಯವರು. ಅದಕ್ಕೇ ನಾವು ಫಾರಂ ತುಂಬಿಸುವಾಗ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲರನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ಕಣ್ಣು ತೆಗೆದರೆ ಮುಖ ಕೆಡುತ್ತದೆ, ಮುಂದಿನ ಜನ್ಮದಲ್ಲಿ ಕುರುಡಾಗುತ್ತಾರೆ ಅನ್ನುವ ಭಯ ಇನ್ನೂ ಇದೆ. ನಾನು ವಾದ ಮಾಡಲ್ಲ. ಅಪ್ಪು ಅಂತಿಮ ದರ್ಶನ ನೀವೂ ಟಿವಿಯಲ್ಲಿ ನೋಡಿದಿರಲ್ಲ, ಮುಖದಲ್ಲಿ ಏನಾದರೂ ವ್ಯತ್ಯಾಸ ಕಂಡಿತಾ ಅಂತ ಕೇಳುತ್ತೇನೆ. ಅಜ್ಜಿಯರು ಒಪ್ಪುವುದು ಇದಕ್ಕೇ.

ಸಾವಾದ 6 ಗಂಟೆಯೊಳಗೆ ನೇತ್ರ ಬ್ಯಾಂಕಿನ ತಂಡ ಬರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ. ಕನ್ನಡಕ ಹಾಕುತ್ತಿದ್ದರು, ಪೊರೆ ಆಪರೇಷನ್ ಆಗಿತ್ತು ಅಂತ ಹಿಂಜರಿಯಬೇಡಿ, ಅವರದ್ದೂ ಆಗುತ್ತದೆ. ನಮ್ಮ ಹುಡುಗನೊಬ್ಬ ತನ್ನ ಅಜ್ಜಿ ತೀರಿಕೊಂಡಾಗ ಅಳುತ್ತಲೇ ಎದ್ದು ಹೋಗಿ ಫ್ಯಾನ್ ಆರಿಸಿದ. ಆಮೇಲೆ ನನಗೆ ಫೋನ್ ಮಾಡಿದ. ಅಂಥ ಹುಡುಗರಿರುವ ಸಂಘ ನಮ್ಮದು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಅಕ್ಟೋಬರ್ 29ಕ್ಕೆ ಬೆಂಗಳೂರಿಗೆ ಹೋಗುತ್ತೇವೆ. ತುಮಕೂರಿನಿಂದ ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಕಂಠೀರವ ಸ್ಟುಡಿಯೋ. ಅಣ್ಣಾವ್ರು, ಪಾರ್ವತಮ್ಮನವರು, ಅಪ್ಪು ಮೂವರ ಸಮಾಧಿಯೂ ಅಲ್ಲೇ. ಸಾಲು ಉದ್ದ ಇರುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆ ದಿನ ಬಿಟ್ಟು ಹಿಂದೆ ಮುಂದೆ ಒಂದು ದಿನ ಹೋಗಿ ಅಂತ ಹೇಳುತ್ತೇನೆ. ಎರಡು ದಿನ ಬಿಟ್ಟರೆ ನವೆಂಬರ್ 1. 2022ರಲ್ಲಿ ಅದೇ ದಿನ ಅಪ್ಪುಗೆ ಕರ್ನಾಟಕ ರತ್ನ ಕೊಟ್ಟದ್ದು, ಹಾಗಾಗಿ ಬಾವುಟ ಏರಿಸುವಾಗ ಅವರ ಫೋಟೋನೂ ಇರುತ್ತದೆ.

ಬ್ಯಾನರ್ ವಿಷಯದಲ್ಲಿ ನಾನು ಬಹಳ ಬಿಗಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಹುಡುಗರು ಸತ್ತರು. ಆವತ್ತಿನಿಂದ ನಮ್ಮಲ್ಲಿ ಕಟೌಟ್ ಇಲ್ಲ. ಬಟ್ಟೆ ಬ್ಯಾನರ್ ಮಾತ್ರ, ಅದೂ ಹಗಲಲ್ಲಿ, ತಂತಿ ಇಲ್ಲದ ಕಡೆ, ಪುರಸಭೆಯ ಅನುಮತಿ ಪಡೆದು. ಕಬ್ಬಿಣದ ಫ್ರೇಮು ಗಾಳಿಗೆ ವಾಲಿದರೆ ನಾಲ್ಕು ಜನ ಹಿಡಿದರೂ ನಿಲ್ಲುವುದಿಲ್ಲ. ಯಾವ ನಟನೂ ತನ್ನ ಹೆಸರಿನಲ್ಲಿ ಒಂದು ಮನೆ ಕತ್ತಲಾಗಲಿ ಅಂತ ಬಯಸುವುದಿಲ್ಲ.

ಹಳೆಯ ಸಿನಿಮಾ ಮತ್ತೆ ಬಿಡುಗಡೆಯಾದಾಗ ಮಾತ್ರ ಮೊದಲಿನ ಗದ್ದಲ ವಾಪಸ್ ಬರುತ್ತದೆ. 2002ರ ‘ಅಪ್ಪು’ 2025ರ ಮಾರ್ಚ್‌ನಲ್ಲಿ ಮತ್ತೆ ತೆರೆಗೆ ಬಂದಾಗ, ಅದು ಮೊದಲು ಬಂದ ವರ್ಷ ಹುಟ್ಟೇ ಇರದ ಮಕ್ಕಳು ಸೀಟಿನ ಮೇಲೆ ಹತ್ತಿ ಕುಣಿದರು. ಶೋ ಬಿಟ್ಟ ತಕ್ಷಣ ಬಾಗಿಲಲ್ಲೇ ನಿಂತು ಹೆಸರು, ರಕ್ತದ ಗುಂಪು, ನಂಬರ್ ಬರೆದುಕೊಳ್ಳುತ್ತೇವೆ. ಹೊಸಬರು ಸಿಗುವುದು ಅಲ್ಲೇ.

ಡಿಸೆಂಬರ್‌ನಲ್ಲಿ ಪಟ್ಟಿಯ ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡಿ ನೋಡುತ್ತೇವೆ, ಬದಲಾದದ್ದನ್ನು ತಿದ್ದುತ್ತೇವೆ. ಜನವರಿಯಲ್ಲಿ ಚಂದಾ ಲೆಕ್ಕ ಎಲ್ಲರ ಮುಂದೆ ಓದುತ್ತೇವೆ. ಶಿಬಿರದ ದಿನಾಂಕವನ್ನು ಬ್ಲಡ್ ಬ್ಯಾಂಕಿಗೆ ಆಗಲೇ ಹೇಳಿಬಿಡಬೇಕು. ಮಾರ್ಚ್ 17ಕ್ಕೆ ಎಲ್ಲ ಊರಿನವರೂ ಕೇಳುತ್ತಾರೆ, ತಡ ಮಾಡಿದರೆ ತಂಡ ಸಿಗುವುದಿಲ್ಲ.