ಡಾಲಿ ಪಾರ್ಟನ್ ಅವರ ‘ಜೋಲೀನ್’ ಆಲ್ಬಂ ಕೇಳುವುದು ಹೇಗೆ?

ಡಾಲಿ ಅಂದ ಕೂಡಲೇ ನಮ್ಮ ಧನಂಜಯ ನೆನಪಾದರೆ ತಪ್ಪಿಲ್ಲ, ಆದರೆ ಇವರು ಅಮೆರಿಕದ ಟೆನೆಸ್ಸಿಯವರು, ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಗಾಯಕಿ. ಕಂಟ್ರಿ ಮ್ಯೂಸಿಕ್ ಅಂದ್ರೆ ಟೋಪಿ, ಕುದುರೆ, ನಮಗ್ಯಾಕೆ ಅನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ಬೆಂಗಳೂರಿಗೆ ಈ ಸಂಗೀತ ಹೊಸದೇನಲ್ಲ ಬಿಡಿ, ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ರೆಕಾರ್ಡುಗಳಲ್ಲಿ ಯಾವತ್ತಿನಿಂದಲೂ ಹಾಡುತ್ತಿದ್ದಾರೆ.

1974ರ ಆಲ್ಬಂ. ಹತ್ತು ಹಾಡು, ಹೆಚ್ಚುಕಮ್ಮಿ 25 ನಿಮಿಷ. ಜಯನಗರದಿಂದ ಮೆಜೆಸ್ಟಿಕ್‌ಗೆ ಬಸ್ಸಲ್ಲಿ ಹೋಗುವಷ್ಟರಲ್ಲಿ ಒಂದು ಸಲ ಮುಗಿಯುತ್ತದೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎರಡು ಸಲ.

ಮೊದಲು ಫೋನಿನಲ್ಲಿ ಶಫಲ್ ಆಫ್ ಮಾಡಿ. ಎರಡು ಹಿಟ್ ಹಾಡುಗಳೂ ಲೆಕ್ಕ ಹಾಕಿ ಇಟ್ಟ ಹಾಗೆ ಕೂತಿವೆ: ರೆಕಾರ್ಡಿನ ಮೊದಲ ಬದಿ ‘ಜೋಲೀನ್’ನಿಂದ ಶುರು, ಎರಡನೇ ಬದಿ ‘ಐ ವಿಲ್ ಆಲ್ವೇಸ್ ಲವ್ ಯೂ’ನಿಂದ. ಒಂದು ಬದಿ ಕೇಳಿ, ಒಂದು ಕಾಫಿ ಕುಡಿದು, ಆಮೇಲೆ ಇನ್ನೊಂದು ಬದಿ.

‘ಜೋಲೀನ್’ ಕೇಳುವಾಗ ಇಂಗ್ಲಿಷ್ ಪೂರ್ತಿ ಅರ್ಥವಾಗಬೇಕಿಲ್ಲ. ಗಂಡನ ಮೇಲೆ ಕಣ್ಣಿಟ್ಟ ಚೆಲುವೆಯನ್ನು ಹೆಂಡತಿಯೊಬ್ಬಳು ಹೆಸರು ಹಿಡಿದು ಮತ್ತೆ ಮತ್ತೆ ಕರೆಯುತ್ತಾಳೆ. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಹಳ್ಳಿ ಹಾಡುಗಳಲ್ಲಿ ಸವತಿಗೆ ಬೀಳುವ ಬೈಗುಳ ನೆನಪಿದೆಯಲ್ವಾ? ಇಲ್ಲಿ ಬೈಗುಳವೇ ಇಲ್ಲ. ನೀನು ನನಗಿಂತ ಚೆಂದ, ನಾನು ನಿನ್ನ ಮುಂದೆ ನಿಲ್ಲಲಾರೆ, ದಯವಿಟ್ಟು ಅವನನ್ನು ಬಿಟ್ಟುಬಿಡು ಅಂತ ಸೆರಗೊಡ್ಡಿ ಬೇಡಿದ ಹಾಗಿದೆ. ತನ್ನ ಗಂಡನ ಜೊತೆ ತುಸು ಜಾಸ್ತಿಯೇ ಸಲುಗೆಯಿಂದಿದ್ದ ಬ್ಯಾಂಕ್ ಉದ್ಯೋಗಿಯೊಬ್ಬಳಿಂದ ಈ ಹಾಡು ಹುಟ್ಟಿತು ಅಂತ ಡಾಲಿ ಅವರೇ ಹೇಳಿದ್ದಾರೆ. ಹೆಸರು ಮಾತ್ರ ಆಟೋಗ್ರಾಫ್ ಕೇಳಲು ಬಂದ ಒಂದು ಪುಟ್ಟ ಹುಡುಗಿಯದು! ಎರಡನೇ ಸಲ ಕೇಳುವಾಗ ದನಿ ಬಿಟ್ಟು ಗಿಟಾರ್ ಹಿಂದೆ ಹೋಗಿ. ಬೆರಳು ಎಲ್ಲೂ ನಿಲ್ಲುವುದಿಲ್ಲ, ಅವಳ ಎದೆಬಡಿತದ ಹಾಗೆ. ನುಡಿಸಬೇಕಾ? ಗಿಟಾರ್ ಕತ್ತಿನ ನಾಲ್ಕನೇ ಫ್ರೆಟ್‌ಗೆ (ಅಡ್ಡಪಟ್ಟಿಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ ಹಾಕಿ, ಎ ಮೈನರ್, ಸಿ, ಜಿ, ಇ ಮೈನರ್, ಈ ನಾಲ್ಕು ಕಾರ್ಡ್‌ಗಳಲ್ಲೇ ಹಾಡು ಮುಗಿಯುತ್ತದೆ.

ಇನ್ನೊಂದು ಹಿಟ್ ವಿಟ್ನಿ ಹ್ಯೂಸ್ಟನ್ ಅವರದು ಅಂದುಕೊಂಡವರೇ ಜಾಸ್ತಿ. ಅವರು ಹಾಡಿದ್ದು 1992ರಲ್ಲಿ. ಡಾಲಿ ಇದನ್ನು ಬರೆದದ್ದು ಪ್ರೇಮಿಗಲ್ಲ, ತನ್ನನ್ನು ಟಿವಿ ಶೋನಲ್ಲಿ ಬೆಳೆಸಿದ ಪೋರ್ಟರ್ ವ್ಯಾಗನರ್ ಅವರಿಗೆ, ಇನ್ನು ನಾನು ಹೊರಡುತ್ತೇನೆ ಅಂತ ಹೇಳಲಿಕ್ಕೆ. ಇದು ಗೊತ್ತಾದ ಮೇಲೆ ಕೇಳಿ, ಹಾಡೇ ಬದಲಾಗುತ್ತದೆ. ಎಲ್ವಿಸ್ ಪ್ರೀಸ್ಲಿ ಹಾಡಲು ಮುಂದೆ ಬಂದಾಗ ಅವರ ಮ್ಯಾನೇಜರ್ ಹಾಡಿನ ಹಕ್ಕಿನಲ್ಲಿ ಅರ್ಧ ಕೇಳಿದರು, ಡಾಲಿ ಕೊಡಲಿಲ್ಲ. ಗಟ್ಟಿಗಿತ್ತಿ! ಎರಡು ಹಾಡೂ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದವು.

ಉಳಿದವುಗಳಲ್ಲಿ ‘ಅರ್ಲಿ ಮಾರ್ನಿಂಗ್ ಬ್ರೀಜ್’ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಡೆಯುವಾಗ ಕೇಳಿ.

ಹಳೆಯ ರೆಕಾರ್ಡೇ ಬೇಕು ಅನ್ನುವವರಿಗೆ ಒಂದು ಮಾತು. ನಾನು ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕವರ್ ನೋಡಿ ಖುಷಿಯಲ್ಲಿ ದುಡ್ಡು ಕೊಟ್ಟು ಬಂದೆ, ಮನೆಗೆ ಬಂದು ತೆಗೆದರೆ ಒಳಗೆ ಯಾವುದೋ ಮಿಲಿಟರಿ ಬ್ಯಾಂಡ್. ಅಲ್ಲೇ ತೆಗೆದು ಲೇಬಲ್ ಓದಿ, ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಉಗುರಿಗೆ ತಗಲುವ ಗೀರಿದ್ದರೆ ವಾಪಸ್ ಇಟ್ಟುಬಿಡಿ.

‘ಜೋಲೀನ್’ ಹಾಡಿನ 45 ಸ್ಪೀಡಿನ (ನಿಮಿಷಕ್ಕೆ 45 ಸುತ್ತು ತಿರುಗುವ) ಪುಟ್ಟ ರೆಕಾರ್ಡ್ ಸಿಕ್ಕರಂತೂ ಬಿಡಬೇಡಿ. ಅದನ್ನು ಬೇಕಂತಲೇ 33ರಲ್ಲಿ ಹಾಕಿ, ಯಾರೋ ಗಂಡಸು ನಿಧಾನಕ್ಕೆ, ಸಂಕಟದಿಂದ ಹಾಡಿದ ಹಾಗೆ ಕೇಳುತ್ತದೆ. ಯೂಟ್ಯೂಬಿನಲ್ಲಿ ಸ್ಪೀಡ್ ಕಡಿಮೆ ಮಾಡಿದರೆ ಈ ಮಜಾ ಬರುವುದಿಲ್ಲ, ಅಲ್ಲಿ ಹಾಡು ನಿಧಾನವಾಗುತ್ತದೆಯೇ ಹೊರತು ಶ್ರುತಿ ಇಳಿಯುವುದಿಲ್ಲ.