ಕರಂಟ್ ಗಿಡಕ್ಕೆ ಕತ್ತರಿ ಹಾಕುವ ಮೊದಲು

ಬೆರಿ ಗಿಡ ಕೊಳ್ಳುವಾಗ ಎಲ್ಲರ ಕಣ್ಣೂ ಮೊದಲು ಹಣ್ಣಿನ ಫೋಟೊ ಮೇಲೆ ಹೋಗುತ್ತದೆ. ನಾನು ವಿಚಾರಿಸುವುದು ಎರಡೇ: ಹೂವು ಯಾವಾಗ ಬಿಡುತ್ತದೆ, ಹಣ್ಣು ಹೊಸ ರೆಂಬೆಗೋ ಹಳೆಯದಕ್ಕೋ. ರುಚಿಯ ಮಾತು ಆಮೇಲೆ.

ಕರಂಟ್ ಎಂದರೆ ಗೊಂಚಲಲ್ಲಿ ಸಣ್ಣ ಬೆರಿ ಹಣ್ಣು ಬಿಡುವ ಪೊದೆ; ಕಪ್ಪು ಹಣ್ಣಿನದು ಬ್ಲ್ಯಾಕ್ ಕರಂಟ್, ಕೆಂಪಿನದು ರೆಡ್ ಕರಂಟ್. ಬ್ಲ್ಯಾಕ್ ಕರಂಟ್‌ಗೆ ಚಳಿ ಬೇಕೇ ಬೇಕು. ಚಳಿಗಾಲ ಗಟ್ಟಿಯಾಗಿರದ ಕಡೆ ಗಿಡ ಎಲೆ ಬಿಟ್ಟುಕೊಂಡು ನಿಲ್ಲುತ್ತದೆಯೇ ಹೊರತು ಕಾಯಿ ಕಚ್ಚುವುದು ಅಷ್ಟಕ್ಕಷ್ಟೆ. ಅದೇ ಚಳಿ ಹೂ ಅರಳಿದ ಮೇಲೆ ಬಂದರೆ ಶತ್ರು; ನೀರು ಹೆಪ್ಪುಗಟ್ಟುವಂಥ ಒಂದು ರಾತ್ರಿ ಸಾಕು, ಹೂವೆಲ್ಲ ಕಪ್ಪಾಗಿ ಉದುರುತ್ತದೆ. ಹಾಗಾಗಿ ತಡವಾಗಿ ಹೂ ಬಿಡುವ ಬೆನ್ ಲೊಮಂಡ್ ಆರಿಸಿಕೊಂಡೆ. ಅದು ಸ್ಕಾಟ್ಲೆಂಡಿನಲ್ಲಿ ಅಭಿವೃದ್ಧಿಪಡಿಸಿದ ತಳಿ. ಅದೇ ಬಳಗದ ಬೆನ್ ಸಾರೆಕ್ ಗಿಡ್ಡ. ಜಾಗ ಕಡಿಮೆ ಇದ್ದವರಿಗೆ ಸರಿ, ಆದರೆ ಕಾಯಿ ಭಾರಕ್ಕೆ ರೆಂಬೆ ನೆಲಕ್ಕೊರಗುವುದರಿಂದ ಊರೆಗೋಲು ಕೊಡಬೇಕು. ಬೆನ್ ಹೋಪ್ ನೆಟ್ಟದ್ದು ನುಸಿಯ ಕಾರಣಕ್ಕೆ.

ಈ ನುಸಿ ಕಣ್ಣಿಗೆ ಕಾಣುವುದಿಲ್ಲ, ಅದು ಹೊಕ್ಕ ಮೊಗ್ಗು ಕಾಣುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಆರೋಗ್ಯದ ಮೊಗ್ಗು ಸಪೂರವಾಗಿ, ತುದಿ ಚೂಪಾಗಿ ಇರುತ್ತದೆ. ನುಸಿ ಸೇರಿದ್ದು ಬಟಾಣಿಯ ಹಾಗೆ ಊದಿಕೊಂಡು ಗುಂಡಗಾಗಿರುತ್ತದೆ, ಅರಳುವುದೇ ಇಲ್ಲ. ಮೊಗ್ಗು ಹೋದರೆ ಹೋಗಲಿ ಎನ್ನಬಹುದಿತ್ತು; ನುಸಿ ಜೊತೆಗೆ ನಂಜುರೋಗವನ್ನೂ ತರುತ್ತದೆ, ಅದು ಹತ್ತಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಬೆನ್ ಹೋಪ್ ಈ ನುಸಿಯನ್ನು ತಡೆದುಕೊಳ್ಳುತ್ತದೆ. ಪಕ್ಕದವರು ಕೊಟ್ಟ ಕಡ್ಡಿಯನ್ನು ನಾನು ಮೊಗ್ಗು ನೋಡದೆ ಒಳಗೆ ತರುವುದಿಲ್ಲ. ಬೇಸರ ಮಾಡಿಕೊಂಡರೂ ಸರಿ.

ನೆಡುವಾಗ ಬ್ಲ್ಯಾಕ್ ಕರಂಟ್ ಸಸಿಯನ್ನು ಮೊದಲಿದ್ದ ಮಣ್ಣಿನ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಕ್ಕೆ ಇಳಿಸುತ್ತೇನೆ. ಬುಡದಿಂದ ಹೊಸ ಕುಡಿಗಳು ಏಳಲೆಂದೇ ಈ ಆಳ. ಅದರ ಮೇಲೆ ಎಲ್ಲ ರೆಂಬೆಗಳನ್ನೂ ಒಂದೆರಡು ಮೊಗ್ಗಿಗೆ ಮೋಟು ಮಾಡುತ್ತೇನೆ. ದುಡ್ಡು ಕೊಟ್ಟು ತಂದ ಗಿಡವನ್ನು ಹೀಗೆ ಕತ್ತರಿಸಲು ಕೈ ಬರುವುದಿಲ್ಲ, ಆ ವರ್ಷ ಹಣ್ಣೂ ಇಲ್ಲ. ಆದರೆ ಮುಂದಿನ ಫಸಲೆಲ್ಲ ಆಗ ಎದ್ದ ಕುಡಿಗಳದ್ದು, ಏಕೆಂದರೆ ಹೆಚ್ಚಿನ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಗೆ. ಗಿಡ ಬಲಿತ ಮೇಲೆ ಪ್ರತಿ ಚಳಿಗಾಲ ಮೂರರಲ್ಲೊಂದು ಪಾಲು ಹಳೆ ರೆಂಬೆಯನ್ನು ಬುಡಕ್ಕೇ ತೆಗೆಯುತ್ತೇನೆ. ಗುರುತಿಸುವುದು ಸುಲಭ: ಎಳೆಯದರ ಸಿಪ್ಪೆ ತಿಳಿ ಕಂದು, ಹಳೆಯದರದ್ದು ಕಪ್ಪು.

ರೆಡ್ ಕರಂಟ್‌ನಲ್ಲಿ ಎಲ್ಲ ಉಲ್ಟಾ. ಹಣ್ಣು ಹಳೆ ರೆಂಬೆಯ ಗಿಣ್ಣುಗಳಲ್ಲಿ ಗೊಂಚಲಾಗಿ ಬಿಡುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿದರೆ ಫಸಲನ್ನೇ ಕತ್ತರಿಸಿದ ಹಾಗೆ. ಒಂದೇ ಕಾಂಡ ಬಿಟ್ಟು, ಮೇಲೆ ಕೆಲವು ಮುಖ್ಯ ರೆಂಬೆಗಳನ್ನು ಬಟ್ಟಲಿನಾಕಾರಕ್ಕೆ ತಂದು, ಪಕ್ಕದ ಚಿಗುರುಗಳನ್ನು ಮಾತ್ರ ಮೊಟಕು ಮಾಡುತ್ತೇನೆ. ಯೋಂಕೀರ್ ವಾನ್ ಟೆಟ್ಸ್ ತಳಿ ಬೇಗ ಹಣ್ಣಾಗುತ್ತದೆ, ರೋವಾಡಾ ತಡ. ಎರಡೂ ಇದ್ದರೆ ಕೊಯ್ಲು ಹಲವು ವಾರ ಎಳೆಯುತ್ತದೆ. ಬಣ್ಣ ತಿರುಗುವ ಮೊದಲೇ ಬಲೆ ಹೊದಿಸದಿದ್ದರೆ ಮಾತ್ರ ಕೊಯ್ಲು ಹಕ್ಕಿಗಳದ್ದು.

ಗೂಸ್‌ಬೆರಿಯ ಆರೈಕೆಯೂ ರೆಡ್ ಕರಂಟ್‌ನಂತೆಯೇ. ಬೂದಿ ರೋಗ ತಡೆಯುವ ಇನ್ವಿಕ್ಟಾ ತಳಿ ಇದೆ, ಮುಳ್ಳಿಗೆ ದಪ್ಪ ಕೈಗವಸು ಬೇಕು. ಬ್ಲೂಬೆರಿಯನ್ನು ಇವುಗಳ ಪಾತಿಗೆ ಸೇರಿಸಿಲ್ಲ. ಅದಕ್ಕೆ ಹುಳಿ ಮಣ್ಣು, ರಸಸಾರ (pH) 4.5ರಿಂದ 5.5ರ ಒಳಗೆ ಇರಬೇಕು. ಕುಂಡದಲ್ಲಿ ಬೇರೆಯೇ ಮಣ್ಣು ತುಂಬಿ ಮಳೆನೀರು ಹಾಕುತ್ತೇನೆ.

ಹೊಸ ಗಿಡ ಮಾಡುವುದು ಎಲೆ ಉದುರಿದ ಮೇಲೆ, ಗೇಣುದ್ದದ ಕಡ್ಡಿಯಿಂದ. ಬ್ಲ್ಯಾಕ್ ಕರಂಟ್ ಆದರೆ ಮೊಗ್ಗುಗಳನ್ನೆಲ್ಲ ಹಾಗೇ ಬಿಟ್ಟು ಊರುತ್ತೇನೆ, ಮಣ್ಣೊಳಗಿನವೂ ಕುಡಿಯೊಡೆಯಲಿ ಎಂದು. ರೆಡ್ ಕರಂಟ್ ಆದರೆ ತುದಿಯ ಮೂರು-ನಾಲ್ಕು ಮೊಗ್ಗು ಉಳಿಸಿ ಕೆಳಗಿನವನ್ನು ಉಗುರಿನಿಂದ ಚಿವುಟಿ ಹಾಕುತ್ತೇನೆ.